ಗುಬ್ಬಿ ಕಟ್ಟುವುದು

1

ಗೋಕಾಕ. ಮೇ ತಿಂಗಳು. ಅಕ್ಕನ ಮನೆ. ರಾತ್ರಿ ಹನ್ನೊಂದು. ಅಕ್ಕನ ಮಗ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾನೆ. ಹಗಲು ಬೆಂಗಳೂರಿನ ಕಂಪನಿಯ ಕೆಲಸ, ಇಲ್ಲಿಂದಲೇ. ರಾತ್ರಿಯದು ಬೇರೆ. ಅದಕ್ಕೆ ಸಂಬಳವಿಲ್ಲ.

"ಏನ್ ಮಾಡಾಕತ್ತೀಯೋ?"

"ಗುಬ್ಬಿ ಕಟ್ಟಾಕತ್ತೇನಿ, ಮಾಮಾ."

2

ಅಕ್ಕನ ಅತ್ತೆ ಮಲಗಿದಲ್ಲಿಂದಲೇ ಕೇಳಿದರು. "ಗುಬ್ಬಿ ಅಂದ್ರ ನಾಟಕದ ಕಂಪನಿ ಏನು?"

ಅಲ್ಲ. ಇದು ಕನ್ನಡದ ಒಂದು ಫಾಂಟ್. ಜೊತೆಗೆ ನವಿಲು ಎಂಬುದೂ ಇದೆ, ಕೈಬರಹದ ಹಾಗೆ ಕಾಣುವಂಥದು. ಎರಡರ ಜೊತೆಗೂ ಬರುವ ಹೆಸರು ಅರವಿಂದ ವಿ.ಕೆ. ಯಾರಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಇವಕ್ಕೂ ಮೊದಲು ಬಂದ ಮುಕ್ತ ಫಾಂಟುಗಳ ಹೆಸರು ಕೇದಗೆ, ಮಲ್ಲಿಗೆ. ಹೂವು ಮುಗಿದು ಹಕ್ಕಿ ಶುರುವಾಗಿದೆ.

3

ಕಟ್ಟುವುದು ಎಂದರೆ ಏನೆಂದು ತೋರಿಸಿದ. ಒಂದು ಕಡತ. ತೆರೆದರೆ ಅಕ್ಷರಗಳಿಲ್ಲ, ಅಂಕಿಗಳಿವೆ. ಸಾಲಿಗೆ ಎರಡು ಅಂಕಿ, ಕೆಲವು ಸಾಲಿಗೆ ಆರು. ಎರಡಿದ್ದರೆ ಆ ಬಿಂದುವಿನವರೆಗೆ ನೇರ ಗೆರೆ. ಆರಿದ್ದರೆ ಬಾಗು. ಸಾಲಿನಿಂದ ಸಾಲಿಗೆ ಇಳಿಯುತ್ತಾ ಹೋದರೆ ಒಂದು ಕಡೆ 'ಅ' ಮುಗಿಯುತ್ತದೆ, 'ಆ' ಶುರುವಾಗುತ್ತದೆ.

ಇದು ಮೂಲ. ಫಾಂಟ್‌ಫೋರ್ಜ್ ಎಂಬ ತಂತ್ರಾಂಶ ಇದನ್ನು ಓದಿ ಇನ್ನೊಂದು ಕಡತ ಮಾಡುತ್ತದೆ. ಆ ಕಡತವನ್ನು ಮನುಷ್ಯರು ಓದಲಾಗದು. ಮನುಷ್ಯರು ಕನ್ನಡ ಓದುವುದು ಅದರಿಂದಲೇ.

4

'ಮೂಲ' ಎಂಬ ಮಾತು ನದಿಗೂ ಇದೆ, ನಕ್ಷತ್ರಕ್ಕೂ ಇದೆ, ಒಂದು ಕಾಯಿಲೆಗೂ ಇದೆ. "ನಿನ್ನ ಮಗ ರಾತ್ರಿಯೆಲ್ಲ ಮೂಲದ ಕೆಲಸದಾಗ ಇರ್ತಾನ" ಅಂದೆ. ಅಕ್ಕ ಬಹಳ ಹೊತ್ತು ನಕ್ಕಳು.

5

ಕರದಂಟಿನ ಅಂಗಡಿ. ಹೆಸರಿನಲ್ಲೇ ಮಾಡುವ ರೀತಿ ಇದೆ: ಕರಿದ ಅಂಟು. ಅಂಟನ್ನು ತುಪ್ಪದಲ್ಲಿ ಕರಿದರೆ ಅರಳುತ್ತದೆ. ಆಮೇಲೆ ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ. ಒಂದು ತುಂಡು ಮುರಿದು ನೋಡಿದೆ. ಗೋಡಂಬಿ ಕಂಡಿತು, ಕೊಬ್ಬರಿ ಕಂಡಿತು. ಪಾಕ ಎಷ್ಟು ಹೊತ್ತು ಕುದಿದಿತ್ತು ಎಂಬುದು ತುಂಡಿನೊಳಗೆ ಇಲ್ಲ.

ಬಾಗಲಕೋಟೆ ಜಿಲ್ಲೆಯ ಅಮೀನಗಡದಲ್ಲೂ ಕರದಂಟು ಹೆಸರುವಾಸಿ. ಯಾವುದರಿಂದ ಯಾವುದು ಹುಟ್ಟಿತು ಎಂದು ಕೇಳಿದೆ. ಅಂಗಡಿಯವರು ತೂಕ ಮಾಡುವುದರಲ್ಲಿದ್ದರು.

6

ಗುಬ್ಬಿಯ ಮೂಲ ಗಿಟ್‌ನಲ್ಲಿದೆ. ಗಿಟ್ ಎಂದರೆ ಮೂಲದ ಒಂದೊಂದು ಬದಲಾವಣೆಯನ್ನೂ ಕಾದಿಡುವ ತಂತ್ರಾಂಶ. ಅದನ್ನು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಬರೆದ. ಲಿನಕ್ಸ್ ಕರ್ನೆಲ್ಲಿನ ಮೂಲ ಇಡಲು ಅಲ್ಲಿಯವರೆಗೆ ಬಿಟ್‌ಕೀಪರ್ ಎಂಬುದು ಇತ್ತು. ಅದು ಪುಕ್ಕಟೆ ಸಿಗುವುದು ನಿಂತಿತು. ಶುರುಮಾಡಿದ ಕೆಲವೇ ದಿನಗಳಲ್ಲಿ ಗಿಟ್‌ನ ಮೂಲವನ್ನು ಗಿಟ್‌ನಲ್ಲೇ ಇಟ್ಟರಂತೆ. ತೊಟ್ಟಿಲಲ್ಲಿರುವ ಕೂಸೇ ತೊಟ್ಟಿಲು ತೂಗಿದ ಹಾಗೆ.

7

ಕಮಿಟ್ ಎಂದರೆ ಒಂದು ದಾಖಲೆ. ಆ ಹೊತ್ತಿಗೆ ಕಡತಗಳೆಲ್ಲ ಹೇಗಿದ್ದವು, ಯಾರು ಬದಲಿಸಿದರು, ಯಾವಾಗ, ಯಾಕೆ, ಇದಕ್ಕೂ ಹಿಂದಿನ ದಾಖಲೆ ಯಾವುದು. ಪ್ರತಿಯೊಂದಕ್ಕೂ 40 ಅಕ್ಷರದ ಗುರುತು. 0ಯಿಂದ 9, ಎಯಿಂದ ಎಫ್. ಯಾರೋ ಇಟ್ಟ ಹೆಸರಲ್ಲ. ಒಳಗಿರುವುದನ್ನೇ ಲೆಕ್ಕ ಹಾಕಿದಾಗ ಬಂದದ್ದು. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆ. ಹಿಂದಿನದರ ಗುರುತೂ ಒಳಗೇ ಇರುವುದರಿಂದ ಹಳೆಯದೊಂದನ್ನು ತಿದ್ದಿದರೆ ಅದರ ಮುಂದಿನವೆಲ್ಲ ಗುರುತು ಕಳೆದುಕೊಳ್ಳುತ್ತವೆ.

ಅತ್ತೆಯವರು ಇದನ್ನೂ ಕೇಳಿಸಿಕೊಂಡಿದ್ದರು. "ಮುತ್ತ್ಯಾನ ಹೆಸರು ತಿದ್ದಿದ್ರ ಮೊಮ್ಮಗನ ಅಡ್ಡಹೆಸರೂ ಹೋತು ಅನ್ನು."

8

ಮೂಡಲಗಿ. ಭಾವನ ಜೊತೆ, ಹೊಲದ ಉತಾರ ತರಲು. ಮೊದಲು ಇದು ಗೋಕಾಕ ತಾಲ್ಲೂಕಿನೊಳಗೆ ಇತ್ತು, ಈಚೆಗೆ ಬೇರೆ ತಾಲ್ಲೂಕು. ಭಾವನ ಚೀಲದಲ್ಲಿ ಮೂರು ಕಾಗದ. ಒಂದರಲ್ಲಿ ತಾಲ್ಲೂಕು ಗೋಕಾಕ, ಜಿಲ್ಲೆ ಬೆಳಗಾಂ. ಇನ್ನೊಂದರಲ್ಲಿ ಗೋಕಾಕ, ಬೆಳಗಾವಿ. ಮೂರನೆಯದರಲ್ಲಿ ಮೂಡಲಗಿ, ಬೆಳಗಾವಿ. ಜಿಲ್ಲೆಯ ಹೆಸರು ಸರ್ಕಾರಿ ಲೆಕ್ಕದಲ್ಲಿ ಬದಲಾದದ್ದು 2014ರ ನವೆಂಬರ್ 1ರಂದು.

ಹೊಲ ಅಲ್ಲೇ ಇದೆ. ಬದುವಿನ ಬೇವಿನ ಮರವೂ.

9

ಸರ್ವೆ ನಂಬರು ಒಡೆಯುವ ರೀತಿ ಭಾವ ಹೇಳಿದ್ದು. ಮೊದಲು 45. ಅಣ್ಣತಮ್ಮಂದಿರ ವಾಟ್ನಿ ಆದಾಗ 45/1, 45/2. ಮುಂದಿನ ತಲೆಮಾರಿಗೆ 45/2ಅ, 45/2ಬ. ನಂಬರು ಉದ್ದವಾದಷ್ಟೂ ಹೊಲ ಗಿಡ್ಡ.

ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ತಂತ್ರಾಂಶಗಳನ್ನು ಪೊಟ್ಟಣ ಕಟ್ಟಿ ಹಂಚುತ್ತಾರೆ. ಆ ಪೊಟ್ಟಣಗಳಿಗೂ ನಂಬರು. ಗುಬ್ಬಿಯದು 1.3-5 ಎಂಬಂತೆ ಬರೆಯುತ್ತಾರೆ. ಅಡ್ಡಗೆರೆಯ ಹಿಂದಿನದು ಅಕ್ಷರ ಮಾಡಿದವರ ಲೆಕ್ಕ. ಮುಂದಿನದು ಪೊಟ್ಟಣ ಕಟ್ಟಿದವರ ಲೆಕ್ಕ. ಅಕ್ಷರ ಇದ್ದಂತೆಯೇ ಇದೆ. ಪೊಟ್ಟಣ ಮಾತ್ರ ಐದನೆಯ ಸಲದ್ದು.

10

ಹಕ್ಕು ಬದಲಾವಣೆಯ ಹಳೆಯ ವಹಿ. ಕೈಬರಹ. ತೀರಿಹೋದವರ ಹೆಸರಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಒಂದು ನಂಬರು. ಗೆರೆಯ ಕೆಳಗಿನ ಹೆಸರನ್ನು ಈಗಲೂ ಓದಬಹುದು. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಅಚ್ಚಾದ ಉತಾರದಲ್ಲಿ ಗೆರೆ ಹೊಡೆದ ಹೆಸರುಗಳಿಲ್ಲ. ತಂಟೆ ಬಂದಾಗ ಜನ ಕೇಳುವುದು ಹಳೆಯ ವಹಿಯನ್ನೇ.

11

ಪೊಟ್ಟಣದೊಳಗೂ ಒಂದು ವಹಿ ಇರುತ್ತದೆ. ಚೇಂಜ್‌ಲಾಗ್. ಹೊಸದು ಮೇಲೆ, ಹಳೆಯದು ಕೆಳಗೆ. ಪ್ರತಿ ನಮೂದಿನ ಕೊನೆಗೆ ಒಂದು ಸಹಿಯ ಸಾಲು. ಆ ಸಾಲಿನ ಕಟ್ಟು ಹೀಗೆ: ಮೊದಲು ಒಂದು ತೆರಪು, ಎರಡು ಅಡ್ಡಗೆರೆ, ಒಂದು ತೆರಪು, ಹೆಸರು, ಮಿಂಚಂಚೆ, ಎರಡು ತೆರಪು, ತೇದಿ. ಎರಡರ ಜಾಗದಲ್ಲಿ ಒಂದೇ ತೆರಪು ಬಿಟ್ಟರೆ ಯಂತ್ರ ತಕರಾರು ಮಾಡುತ್ತದೆ.

ತೇದಿಯ ಕೊನೆಗೆ +0530. ಬರೆದವನು ಯಾವ ಹೊತ್ತಿನ ನಾಡಿನಲ್ಲಿ ಕೂತಿದ್ದ ಎಂಬುದು.

12

ಪೊಟ್ಟಣ ಹೇಗೆ ಕಟ್ಟಬೇಕೆಂದು ಹೇಳುವ ನಿಯಮಗಳ ಕಡತ ಇನ್ನೂ ವಿಚಿತ್ರ. ಚಿಕ್ಕದಿದ್ದರೆ ಮೂರೇ ಸಾಲು. ಮೂರನೆಯ ಸಾಲಿನ ಮೊದಲಿಗೆ ಟ್ಯಾಬ್ ಒತ್ತಬೇಕು. ಅಷ್ಟೇ ಅಗಲದ ತೆರಪು ಕೊಟ್ಟರೆ ನಡೆಯುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಇದು ಮೇಕ್ ಎಂಬ ಸಲಕರಣೆಯ ಕಟ್ಟಳೆ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಬರೆದದ್ದು. ತಪ್ಪು ಅವನಿಗೂ ಬೇಗ ಗೊತ್ತಾಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಬಳಸತೊಡಗಿದ್ದರು. ಅವರಿಗೆ ತೊಂದರೆಯಾದೀತೆಂದು ಹಾಗೇ ಬಿಟ್ಟ.

ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಗೋಕಾಕದ ಹುಡುಗ ಟ್ಯಾಬ್ ಒತ್ತುತ್ತಿದ್ದಾನೆ.

13

ಡೆಬಿಯನ್. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಶುರುಮಾಡಿದ್ದು. ಗೆಳತಿಯ ಹೆಸರು ಡೆಬ್ರಾ. ಇಬ್ಬರ ಹೆಸರೂ ಸೇರಿ ಡೆಬಿಯನ್. 2023ರ ಜೂನಿನಲ್ಲಿ ಬಂದ ಆವೃತ್ತಿಯಲ್ಲಿ 64,419 ಪೊಟ್ಟಣಗಳು.

ಆವೃತ್ತಿಗಳಿಗೆಲ್ಲ ಆಟಿಕೆಯ ಹೆಸರು. 'ಟಾಯ್ ಸ್ಟೋರಿ' ಚಿತ್ರದ ಬೊಂಬೆಗಳು: ಬಜ್, ರೆಕ್ಸ್, ವುಡಿ, ಜೆಸ್ಸಿ, ಬುಕ್‌ವರ್ಮ್. ಆಗ ಡೆಬಿಯನ್ ಮುಖಂಡನಾಗಿದ್ದ ಬ್ರೂಸ್ ಪೆರೆನ್ಸ್ ಆ ಚಿತ್ರ ಮಾಡಿದ ಪಿಕ್ಸಾರಿನಲ್ಲಿ ಕೆಲಸಕ್ಕಿದ್ದ. ಹೊಸ ಪೊಟ್ಟಣಗಳು ಮೊದಲು ಹೋಗಿ ಬೀಳುವ, ಸದಾ ಕದಡಿಕೊಂಡಿರುವ ಜಾಗಕ್ಕೆ ಸಿಡ್ ಎಂದು ಹೆಸರು. ಸಿಡ್ ಎಂದರೆ ಚಿತ್ರದಲ್ಲಿ ಬೊಂಬೆ ಮುರಿಯುವ ಪಕ್ಕದ ಮನೆ ಹುಡುಗ.

14

ಅಕ್ಕನ ಶೋಕೇಸಿನಲ್ಲಿ ಗೋಕಾಕದ ಬೊಂಬೆಗಳು. ಬಣ್ಣ ಹಚ್ಚಿದ ಬಾಳೆಹಣ್ಣು, ಮಾವಿನಹಣ್ಣು, ಸೀತಾಫಲ. ಸೀತಾಫಲ ಒಂದು ಕಡೆ ಸೀಳಿದೆ, ಹಣ್ಣಾದಾಗ ಸೀಳುವ ಹಾಗೆ. ಮಾವಿನ ತುದಿಯಲ್ಲಿ ಸಣ್ಣ ಕಪ್ಪು ಕಲೆ. ಕಲೆಯನ್ನೂ ಕುಂಚದಿಂದ ಹಚ್ಚಿದ್ದಾರೆ.

ಎರಡು ಬಾಳೆಹಣ್ಣು ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಕೈಯವು ಅನ್ನಿಸಿತು. ಒಂದೇ ಥರ ಇಲ್ಲ.

15

ಅಳಿಯನಿಗೆ ಒಂದೇ ಥರ ಬೇಕು. ಅದೇ ಮೂಲವನ್ನು ಎರಡು ಸಲ ಕಟ್ಟಿದರೆ ಬರುವ ಎರಡು ಪೊಟ್ಟಣಗಳು ಕೊನೆಯ ಬಿಟ್‌ವರೆಗೂ ಒಂದೇ ಇರಬೇಕು. ಡೆಬಿಯನ್‌ನಲ್ಲಿ ಕೆಲವರು 2013ರಿಂದ ಇದೇ ಬೆನ್ನುಹತ್ತಿದ್ದಾರೆ. ಯಾಕೆ ಎಂದು ಕೇಳಿದೆ.

"ಬ್ಯಾರೇದವ್ರು ಕಟ್ಟಿ ನೋಡಿದ್ರ ನಾ ನಡುವ ಏನೂ ಹಾಕಿಲ್ಲ ಅಂತ ಗೊತ್ತಾಗತೈತಿ."

"ನಿನ್ನ ಮ್ಯಾಲ ಸಂಶೇ ಯಾರಿಗೈತಿ?"

"ಯಾರಿಗೂ ಇಲ್ಲ. ಅದಕ್ಕ."

ನನಗೆ ಪೂರ್ತಿ ತಿಳಿಯಲಿಲ್ಲ. ಬರೆದುಕೊಂಡೆ.

16

ಮೊದಲ ರಾತ್ರಿ ಫಾಂಟ್‌ಫೋರ್ಜನ್ನು ಬರಿಗೈಯಲ್ಲಿ ನಡೆಸಿ ಎರಡು ಸಲ ಕಟ್ಟಿದ. ಎರಡೂ ಬೇರೆ ಬಂದವು. ವ್ಯತ್ಯಾಸ ಅಕ್ಷರಗಳಲ್ಲಿ ಇರಲಿಲ್ಲ. ಕಟ್ಟಿದ ಹೊತ್ತು ಫಾಂಟಿನೊಳಗೆ ಹೋಗಿ ಕೂತಿತ್ತು. ಎರಡರ ನಡುವೆ ಅವನು ಚಹಾ ಕುಡಿದಿದ್ದ.

17

ಹೊತ್ತಿನ ಲೆಕ್ಕ. ಕಂಪ್ಯೂಟರು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ. ಗ್ರೀನಿಚ್ ಲೆಕ್ಕದಲ್ಲಿ ನಡುರಾತ್ರಿ. ಗೋಕಾಕದಲ್ಲಿ ಬೆಳಗಿನ 5:30. ಫಾಂಟಿನ ಕಡತ ಎಣಿಸುವುದು ಮಾತ್ರ 1904ರ ಜನವರಿ 1ರಿಂದ. ಒಂದೇ ಪೆಟ್ಟಿಗೆಯೊಳಗೆ ಎರಡು ಪಂಚಾಂಗ.

ಪರಿಹಾರ ಹೀಗೆ: ಕಟ್ಟುವಾಗ ಗಡಿಯಾರ ನೋಡಬೇಡ, ಚೇಂಜ್‌ಲಾಗಿನ ತೀರ ಈಚಿನ ಸಹಿಯ ಹೊತ್ತನ್ನೇ ಈಗಿನ ಹೊತ್ತು ಎಂದುಕೋ ಎಂದು ಯಂತ್ರಕ್ಕೆ ಹೇಳುತ್ತಾರೆ. ಇಂದು ಕಟ್ಟಿದ ಗುಬ್ಬಿಗೆ ಹಳೆಯ ತೇದಿ. ಅದು ಸುಳ್ಳಲ್ಲ ಎಂದು ಅಳಿಯ ಎರಡು ಸಲ ಹೇಳಿದ.

18

ಗೋಕಾಕ ಫಾಲ್ಸ್. ಕುದುರೆ ಲಾಳದ ಆಕಾರದ ಬಂಡೆ, 52 ಮೀಟರ್ ಆಳ. ಮೇ ತಿಂಗಳು, ನೀರಿಲ್ಲ. ಬಂದವರು ತೂಗುಸೇತುವೆಯ ಮೇಲೆ ನಿಂತು, ಫಾಲ್ಸ್ ಎಲ್ಲಿ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. 1887ರಲ್ಲಿ ಈ ನೀರಿನ ಬಲದಿಂದಲೇ ಇಲ್ಲಿ ನೂಲಿನ ಗಿರಣಿ ತಿರುಗಿತು. ಗಿರಣಿ ಈಗಲೂ ದಂಡೆಯ ಮೇಲಿದೆ.

19

ಅಪ್‌ಸ್ಟ್ರೀಮ್ ಎಂಬ ಮಾತು ಅವನ ಬಾಯಲ್ಲಿ ಗಂಟೆಗೊಮ್ಮೆ ಬರುತ್ತದೆ. ಹೊಳೆಯ ಮೇಲ್ದಿಕ್ಕು. ತಂತ್ರಾಂಶ ಬರೆದವರು ಅಪ್‌ಸ್ಟ್ರೀಮ್. ಅದನ್ನು ಪೊಟ್ಟಣ ಕಟ್ಟಿ ಹಂಚುವವರು ಕೆಳಗಿನವರು. ಕೆಳಗೆ ತಪ್ಪು ಕಂಡರೆ ಕೆಳಗಷ್ಟೇ ತಿದ್ದಿಕೊಂಡು ಸುಮ್ಮನಿರಬಾರದು, ಮೇಲಕ್ಕೆ ಕಳಿಸಬೇಕು. ಇದು ಅವರ ನಡಾವಳಿ.

ಇಲ್ಲಿ ಮೇಲ್ದಿಕ್ಕು ಎಂದರೆ ಹುಕ್ಕೇರಿ ತಾಲ್ಲೂಕು. ಹಿಡಕಲ್ ಅಣೆಕಟ್ಟು, 51 ಟಿಎಂಸಿ. ಅಲ್ಲಿಂದ ಧುಪದಾಳ, ಅಲ್ಲಿಂದ ಫಾಲ್ಸ್, ಅಲ್ಲಿಂದ ಊರು. ಗೋಕಾಕದವರು ಮಳೆಗಾಲದಲ್ಲಿ ಹಿಡಕಲ್‌ನ ಲೆವೆಲ್ ಕೇಳುವುದನ್ನು ಹಿಂದೆ ನೋಡಿದ್ದೇನೆ. ಊಟ ಆಯಿತೇ ಎಂದು ಕೇಳಿದ ಮೇಲಿನ ಪ್ರಶ್ನೆ ಅದು.

20

ಅಕ್ಕನ ಮನೆಯ ಹಿಂದಿನ ಗೋಡೆ. ನನ್ನ ಎದೆಮಟ್ಟಕ್ಕೆ ಒಂದು ಕಂದು ಗೆರೆ. 2019ರ ಆಗಸ್ಟ್. ಮೇಲೆ ಎರಡು ಸಲ ಸುಣ್ಣ ಹೊಡೆಸಿದ್ದಾರೆ, ಗೆರೆ ಕಾಣುತ್ತದೆ. ಆ ಸಲ ಘಟಪ್ರಭಾ, ಮಾರ್ಕಂಡೇಯ ಎರಡೂ ಹೊಳೆ ಒಟ್ಟಿಗೆ ಏರಿದವು. ಲೋಳಸೂರ ಸೇತುವೆ ಮುಳುಗಿತು. ಟ್ರಂಕಿನಲ್ಲಿದ್ದ ಖರೀದಿಪತ್ರ, ಮದುವೆಯ ಫೋಟೋ, ಅತ್ತೆಯವರು ಬರೆದಿಟ್ಟ ಹಾಡಿನ ವಹಿ. ಖರೀದಿಪತ್ರದ ನಕಲು ಕಚೇರಿಯಲ್ಲಿ ಸಿಕ್ಕಿತು. ಫೋಟೋ ಹುಬ್ಬಳ್ಳಿಯ ನಾದಿನಿಯ ಮನೆಯಲ್ಲಿ ಒಂದು ಪ್ರತಿ ಇತ್ತು. ಹಾಡಿನ ವಹಿ ಒಂದೇ ಇತ್ತು.

21

ಗಿಟ್‌ನಲ್ಲಿ ಕ್ಲೋನ್ ಮಾಡಿದರೆ ಬರೀ ಈಗಿನ ಕಡತ ಬರುವುದಿಲ್ಲ. ಮೊದಲ ದಿನದಿಂದ ಇಂದಿನವರೆಗಿನ ಎಲ್ಲ ಕಮಿಟ್‌ಗಳೂ ಬರುತ್ತವೆ. ಯಾರ ಲ್ಯಾಪ್‌ಟಾಪ್ ಅಸಲು, ಯಾರದು ನಕಲು ಎಂದು ಗಿಟ್‌ಗೆ ಗೊತ್ತಿಲ್ಲ.

22

ಅತ್ತೆಯವರು ಹಾಡಿನ ವಹಿಯನ್ನು ಮತ್ತೆ ಬರೆಯುತ್ತಿದ್ದಾರೆ, ನೆನಪಿನಿಂದ. ಒಂದೊಂದು ಹಾಡಿನಲ್ಲಿ ಒಂದೊಂದು ಸಾಲು ಬಿಟ್ಟು ಖಾಲಿ ಇಟ್ಟಿದ್ದಾರೆ.

23

ಜಿಬಿಪಿ. ಪೂರ್ತಿ ಹೆಸರು ಗಿಟ್-ಬಿಲ್ಡ್‌ಪ್ಯಾಕೇಜ್. ಗೈಡೋ ಗುಂಥರ್ ಬರೆದದ್ದು. ಗಿಟ್‌ನೊಳಗಿನ ಮೂಲದಿಂದ ನೇರ ಡೆಬಿಯನ್ ಪೊಟ್ಟಣ ಕಟ್ಟುತ್ತದೆ. ಒಂದೇ ಭಂಡಾರದಲ್ಲಿ ಮೂರು ಕೊಂಬೆ. ಮೊದಲನೆಯದರಲ್ಲಿ ಮೇಲಿನವರು ಕೊಟ್ಟದ್ದು, ಮುಟ್ಟದೆ. ಎರಡನೆಯದರಲ್ಲಿ ಅದೇ, ಡೆಬಿಯನ್‌ನವರ ಕಾಗದಪತ್ರ ಸೇರಿಸಿ. ಮೂರನೆಯದರ ಹೆಸರು ಪ್ರಿಸ್ಟೀನ್-ಟಾರ್. ಮೇಲಿನವರು ಕಳಿಸಿದ ಗಂಟನ್ನು ಬಿಚ್ಚಿದ ಮೇಲೂ ಅದೇ ಗಂಟನ್ನು ಮತ್ತೆ ಅದೇ ಮಡಿಕೆಗಳಲ್ಲಿ ಕಟ್ಟಲು ಬೇಕಾದ ಗುರುತು ಅದರಲ್ಲಿರುತ್ತದೆ.

ಸೀರೆಯ ಅಂಗಡಿಯಲ್ಲಿ ಬಿಚ್ಚಿ ತೋರಿಸಿದ ಸೀರೆಯನ್ನು ಹುಡುಗ ಮತ್ತೆ ಮಡಿಸುವುದನ್ನು ನೋಡಿದ್ದೇನೆ. ಅದೇ ಮಡಿಕೆ ಬರುವುದಿಲ್ಲ.

24

ಈ ಕೊಂಬೆಗಳೆಲ್ಲ ಯಾತಕ್ಕೆ ಎಂದಾಗ ಅವನು ಹೇಳಿದ ಕತೆ.

2024ರ ಮಾರ್ಚ್. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನ ಡೆಬಿಯನ್ ಯಂತ್ರ. ಆಗ ಇನ್ನೂ ಪರೀಕ್ಷೆಯಲ್ಲಿದ್ದ ಆವೃತ್ತಿ, ಸಿಡ್ ಕಡೆಯದು. ದೂರದಿಂದ ಅದರೊಳಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರು. ಅವನು ಬೆನ್ನುಹತ್ತಿದ. ಎಕ್ಸ್‌ಝಡ್ ಎಂಬ, ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. 29ನೇ ತೇದಿ ಎಲ್ಲರಿಗೂ ತಿಳಿಸಿದ. ಅದನ್ನು ಇಟ್ಟ ಖಾತೆಯ ಹೆಸರು ಜಿಯಾ ಟಾನ್. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಖಾತೆ ಒಳ್ಳೆಯ ಕೆಲಸ ಮಾಡಿಕೊಂಡು ಬಂದಿತ್ತು. ಆ ಹೆಸರಿನ ಹಿಂದೆ ಯಾರೆಂದು ಹೊರಬಿದ್ದಿಲ್ಲ.

ಅಳಿಯ ಒತ್ತಿ ಹೇಳಿದ್ದು ಬೇರೆ. ಕಳ್ಳಬಾಗಿಲಿನ ಸಾಮಾನು ಪರೀಕ್ಷೆಯ ಕಡತಗಳ ವೇಷದಲ್ಲಿ ಗಿಟ್‌ನಲ್ಲೇ ಇತ್ತು. ಅದನ್ನು ಎಬ್ಬಿಸಿ ಜೋಡಿಸುವ ಸಾಲುಗಳು ಮಾತ್ರ ಗಿಟ್‌ನಲ್ಲಿ ಇರಲಿಲ್ಲ. ಹಂಚಲು ಕಟ್ಟಿಟ್ಟ ಗಂಟಿನಲ್ಲಿ, ಅಂದರೆ ಟಾರ್‌ಬಾಲ್‌ನಲ್ಲಿ ಇದ್ದವು. ಭಂಡಾರವೇ ಬೇರೆ, ಗಂಟೇ ಬೇರೆ. ಎಲ್ಲರೂ ಭಂಡಾರ ನೋಡಿದರು, ಗಂಟು ಬಿಚ್ಚಿ ಕಟ್ಟಿದರು.

25

ಲಗ್ನಪತ್ರಿಕೆಯ ಅಂಗಡಿ. ಕಂಪ್ಯೂಟರಿನಲ್ಲಿ ಕಡತಗಳಿಗೆ ಹಳ್ಳಿಯ ಹೆಸರು. ಕಲ್ಲೋಳಿ. ಕಲ್ಲೋಳಿ ಹೊಸಾದು. ಕಲ್ಲೋಳಿ ಕಾಕಾನ ಹೆಸರ ಸೇರಿಸಿದ್ದು. ಹೊಸ ಪತ್ರಿಕೆಯನ್ನು ಮೊದಲಿನಿಂದ ಮಾಡುವುದಿಲ್ಲ. ಹಿಂದಿನ ಮದುವೆಯದನ್ನು ತೆರೆದು ಹೆಸರು ಬದಲಿಸುತ್ತಾರೆ. ಹೋದ ವರ್ಷ ಒಂದು ಪತ್ರಿಕೆಯಲ್ಲಿ ಬೇರೆ ಯಾರದೋ ಸೋದರಮಾವ ಉಳಿದುಬಿಟ್ಟಿದ್ದರಂತೆ. ಮುನ್ನೂರು ಪ್ರತಿ ಹಂಚಿ ಆಗಿತ್ತು. ಮದುವೆಗೆ ಅವರೂ ಬಂದಿದ್ದರು, ಆಹೇರಿ ಕೊಟ್ಟು ಹೋದರು ಎಂದು ಅಂಗಡಿಯವರು ನಕ್ಕರು.

ಇಲ್ಲಿನ ಫಾಂಟುಗಳು ಯೂನಿಕೋಡ್ ಅಲ್ಲ. ಹಳೆಯ ನುಡಿ ತಂತ್ರಾಂಶದವು. ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಧೂವರರ ಹೆಸರು ಇಂಗ್ಲಿಷ್ ಚಿಹ್ನೆಗಳ ಸಾಲು.

26

ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳು. ಕೆಲವು ಖಾಲಿ.

ಗೋಕಾಕ: ಬರೆದರೆ ಮೂರು ಅಕ್ಷರ, ಒಳಗೆ ಐದು ಸಂಕೇತ. ಮೂಡಲಗಿ: ನಾಲ್ಕು ಅಕ್ಷರ, ಆರು ಸಂಕೇತ. ಹುಕ್ಕೇರಿ: ಮೂರೇ ಅಕ್ಷರ, ಎಂಟು ಸಂಕೇತ. ಸಂಕೇತಕ್ಕೆ ಮೂರು ಬೈಟ್. ಮೂರರಲ್ಲಿ ತೂಕದ ಊರು ಹುಕ್ಕೇರಿ, 24 ಬೈಟ್.

ಇನ್ನೊಂದು. 'ಗೋ' ಎಂಬುದರ ಸ್ವರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು: ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘದ ಗುರುತು. ಯೂನಿಕೋಡಿನ ಲೆಕ್ಕದಲ್ಲಿ ಎರಡೂ ಸರಿ, ಎರಡೂ ಸಮ. ತುಂಡು ಮಾಡಿದರೆ ಗೋಕಾಕ ಏಳು ಸಂಕೇತ, ಹುಕ್ಕೇರಿ ಒಂಬತ್ತು. ಮೂಡಲಗಿ ಆರೇ. ತೆರೆಯ ಮೇಲೆ ಯಾವ ವ್ಯತ್ಯಾಸವೂ ಇಲ್ಲ. ಗಿಟ್ ಮಾತ್ರ ಎರಡು ಗೋಕಾಕಗಳಿಗೆ ಬೇರೆ ಬೇರೆ 40 ಅಕ್ಷರ ಕೊಡುತ್ತದೆ.

27

'ವರ್ಷ' ಎಂದು ಬೆರಳಚ್ಚಿಸುವಾಗ ರ ಮೊದಲು, ಷ ಆಮೇಲೆ. ಕಾಣುವಾಗ ಷ ಮೊದಲು, ಅರ್ಕಾವತ್ತು ಆಮೇಲೆ. ಈ ಅದಲು ಬದಲಿನ ನಿಯಮವೂ ಫಾಂಟಿನ ಮೂಲದೊಳಗೇ ಬರೆದಿದೆ. ಐವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಅದಲು ಬದಲಾಗುತ್ತದೆ ಎಂದು ಗಮನಿಸಿರಲಿಲ್ಲ.

28

ಡೆಬಿಯನ್ ಅನೇಕ ಬಗೆಯ ಪ್ರೊಸೆಸರುಗಳಿಗೆ ಪೊಟ್ಟಣ ಕಟ್ಟುತ್ತದೆ. ಒಂದೇ ತಂತ್ರಾಂಶವನ್ನು ಫೋನಿನಂಥ ಚಿಪ್ಪಿಗೆ ಒಂದು ಸಲ, ಬ್ಯಾಂಕಿನಲ್ಲಿರುವಂಥ ಐಬಿಎಂ ದೊಡ್ಡ ಯಂತ್ರಕ್ಕೆ ಇನ್ನೊಂದು ಸಲ. ಫಾಂಟಿಗೆ ಈ ಪಾಡಿಲ್ಲ. ಅದರ ಕಾಗದದಲ್ಲಿ ಯಂತ್ರ ಯಾವುದು ಎಂಬ ಕಾಲಮ್ಮಿನ ಮುಂದೆ ಒಂದೇ ಮಾತು: ಎಲ್ಲ.

29

ಹುಕ್ಕೇರಿ. ನೆಂಟರ ಮನೆ. ಗೋಡೆಯ ಮೊಳೆಗೆ ಸಿಕ್ಕಿಸಿದ ಕರೆಂಟ್ ಬಿಲ್ಲು. ಮೇಲೆ ಕಂಪನಿಯ ಹೆಸರಿಲ್ಲ, ಸಹಕಾರಿ ಸಂಘದ ಹೆಸರು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, 1969. ಆಗ ದೇಶದಲ್ಲಿ ಐದು ಕಡೆ ಪ್ರಯೋಗಕ್ಕೆಂದು ಇಂಥ ಸಂಘ ಕಟ್ಟಿದರು: ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಇಲ್ಲಿ ಹುಕ್ಕೇರಿ. ಕರ್ನಾಟಕದಲ್ಲಿ ಇದೊಂದೇ. ಕಂಬ, ತಂತಿ ಸದಸ್ಯರವು. ಆಡಳಿತ ಮಂಡಳಿಗೆ ಚುನಾವಣೆ. ಚುನಾವಣೆಯ ಬಿಸಿಯ ಬಗ್ಗೆ ನೆಂಟರು ಅರ್ಧ ಗಂಟೆ ಮಾತಾಡಿದರು, ತಂತಿಯ ಬಗ್ಗೆ ಏನೂ ಹೇಳಲಿಲ್ಲ.

ಡೆಬಿಯನ್‌ನಲ್ಲೂ ಮುಖಂಡನನ್ನು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. ಸಂಬಳವಿಲ್ಲ. ಅಲ್ಲಿಯೂ ವಾದ ಬಹಳವಂತೆ.

30

ಅದೇ ಮನೆಯ ಜಗಲಿ. ಗಂಟು ಕಟ್ಟಿದ ಬಟ್ಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ಬೀಜ. ಪಕ್ಕದಲ್ಲಿ ಅಂಗಡಿಯಿಂದ ತಂದ ಖಾರಪುಡಿಯ ಪೊಟ್ಟಣ. ಪೊಟ್ಟಣದ ಮೇಲೆ ಮೆಣಸಿನಕಾಯಿಯ ಚಿತ್ರವಿದೆ. ಬಟ್ಟೆಯ ಗಂಟಿನ ಮೇಲೆ ಏನೂ ಬರೆದಿಲ್ಲ.

31

ಗೋಕಾಕಕ್ಕೆ ಮರಳಿದಾಗ ಅಳಿಯ ಸಪ್ಪಗಿದ್ದ. ಕಟ್ಟಿದ್ದು ಬಿದ್ದಿತ್ತು. ತನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಆಗುತ್ತದೆ, ಶುದ್ಧ ಕೋಣೆಯಲ್ಲಿ ಆಗುತ್ತಿಲ್ಲ. ಶುದ್ಧ ಕೋಣೆ ಎಂದರೆ ಲ್ಯಾಪ್‌ಟಾಪಿನೊಳಗೇ ಬೇಲಿ ಹಾಕಿದ ಒಂದು ಜಾಗ. ಬೇಕೆಂದು ಬರೆದುಕೊಟ್ಟ ಸಾಮಾನು ಬಿಟ್ಟು ಬೇರೇನೂ ಅಲ್ಲಿಗೆ ಬರುವುದಿಲ್ಲ. ಅವನು ಹೊಸದಾಗಿ ಸೇರಿಸಿದ ಒಂದು ಸಾಲಿಗೆ ಪೈಥಾನ್ ಬೇಕಿತ್ತು. ಅವನ ಯಂತ್ರದಲ್ಲಿ ಅದು ಎಂದೋ ಬಂದು ಕೂತಿತ್ತು. ಪಟ್ಟಿಯಲ್ಲಿ ಬರೆದಿರಲಿಲ್ಲ.

ಅತ್ತೆಯವರು ಮಡಿಯಲ್ಲಿ ಅಡುಗೆ ಮಾಡುವ ದಿನ ಉಪ್ಪಿನ ಭರಣಿ ಹೊರಗೆ ಉಳಿದಿತ್ತು. ಕೇಳುವಂತಿಲ್ಲ, ಮುಟ್ಟಿಕೊಡುವಂತಿಲ್ಲ. ಸಾರು ಸಪ್ಪೆ.

32

ಲಿಂಟಿಯನ್. ಪೊಟ್ಟಣ ತಪಾಸಣೆ ಮಾಡುವ ತಂತ್ರಾಂಶ. ತಪ್ಪುಗಳಿಗೆ ದರ್ಜೆ ಇದೆ: ದೋಷ, ಎಚ್ಚರಿಕೆ, ಮಾಹಿತಿ. ಇವಲ್ಲದೆ ಕೊನೆಯದೊಂದು ದರ್ಜೆಯನ್ನು ಕೇಳಿ ತೆಗೆಸಿಕೊಳ್ಳಬೇಕು, ಹಾಗೇ ತೋರಿಸುವುದಿಲ್ಲ. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಪಂಡಿತರ ಕಿರಿಕಿರಿ.

ಗುಬ್ಬಿಗೆ ಎರಡು ಕಿರಿಕಿರಿ ಬಂದವು. ಅಳಿಯ ಎರಡನ್ನೂ ಸರಿಮಾಡಿದ. ಯಾರೂ ಕೇಳಿರಲಿಲ್ಲ.

33

ನೋಡಿಕೊಳ್ಳುವವರು ಬಿಟ್ಟುಹೋದ ಪೊಟ್ಟಣಕ್ಕೆ ಡೆಬಿಯನ್‌ನಲ್ಲಿ ಅನಾಥ ಎನ್ನುತ್ತಾರೆ. ಪಟ್ಟಿ ಇದೆ. ಯಾರಾದರೂ ದತ್ತು ತೆಗೆದುಕೊಳ್ಳುವುದಾದರೆ ಮೊದಲು, ತೆಗೆದುಕೊಳ್ಳುವ ಮನಸ್ಸಿದೆ ಎಂದು ಬರೆದು ತಿಳಿಸಬೇಕು. ತಾವೇ ಬಿಟ್ಟುಕೊಡುವವರು, ಯಾರಾದರೂ ಸಾಕಿರಿ ಎಂದು ಬರೆಯುತ್ತಾರೆ.

34

ಗಿಟ್‌ನಲ್ಲಿ ಬ್ಲೇಮ್ ಎಂಬ ಆಜ್ಞೆ. ಕಡತದ ಪ್ರತಿ ಸಾಲಿನ ಮುಂದೆ ಅದನ್ನು ಕೊನೆಗೆ ಮುಟ್ಟಿದವರ ಹೆಸರು ಬರುತ್ತದೆ. ಒಳ್ಳೆಯ ಸಾಲಿಗೂ ಅದೇ ಆಜ್ಞೆ.

35

ಗೋಕಾಕ ಚಳವಳಿಯ ಗೋಕಾಕ ಈ ಊರಲ್ಲ, ವಿ.ಕೃ. ಗೋಕಾಕರು. ಅವರು ಹುಟ್ಟಿದ್ದು ಸವಣೂರಿನಲ್ಲಿ, 1909. ಊರು ಅಡ್ಡಹೆಸರಾಯಿತು, ಅಡ್ಡಹೆಸರು ವರದಿಯಾಯಿತು, ವರದಿ ಚಳವಳಿಯಾಯಿತು. ಬಸ್ ನಿಲ್ದಾಣದಲ್ಲಿ ಒಬ್ಬ ಕಾಲೇಜು ಹುಡುಗನನ್ನು ಕೇಳಿದೆ. ಚಳವಳಿ ಇಲ್ಲೇ ನಡೆದದ್ದು ಎಂದ.

36

ಹೆಪ್ಪು. ಅಕ್ಕ ರಾತ್ರಿ ಹಾಲಿಗೆ ಒಂದು ಚಮಚ ಮೊಸರು ಹಾಕುತ್ತಾಳೆ. ಬೆಳಗ್ಗೆ ಮೊಸರು. ಅದರಿಂದ ಒಂದು ಚಮಚ ಎತ್ತಿಡುತ್ತಾಳೆ, ನಾಳೆಗೆ. 2019ರಲ್ಲಿ ಮನೆ ಬಿಟ್ಟು ಹೋಗಿ ಬಂದ ಮೇಲೆ ಹೆಪ್ಪು ಇರಲಿಲ್ಲ. ಗುಡ್ಡದ ಕಡೆಯ ಓಣಿಯಿಂದ ತಂದಳು. ಆ ಮನೆಯವರು ಎಲ್ಲಿಂದ ತಂದಿದ್ದರು? ಅವರ ತವರು ಸಂಕೇಶ್ವರ. ಅಲ್ಲಿಂದ ಆಚೆಗೆ ಕೇಳಲಿಲ್ಲ.

37

ತಂತ್ರಾಂಶದ ಮೂಲವನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಕಂಪೈಲರ್. ಕಂಪೈಲರೂ ತಂತ್ರಾಂಶವೇ, ಅದಕ್ಕೂ ಮೂಲ ಇದೆ. ಆ ಮೂಲವನ್ನು ಕಟ್ಟಲು ಕಂಪೈಲರ್ ಬೇಕು. ಹಿಂದಿನದು. ಅದಕ್ಕೆ ಅದರ ಹಿಂದಿನದು.

ಕೆನ್ ಥಾಂಪ್ಸನ್ 1984ರಲ್ಲಿ ಅಚ್ಚಾದ ಒಂದು ಭಾಷಣದಲ್ಲಿ ತೋರಿಸಿದ್ದು: ಹಿಂದಿನ ಕಂಪೈಲರಿನಲ್ಲಿ ಒಂದು ಮೋಸ ಇಟ್ಟರೆ, ಅದು ಮುಂದಿನದರಲ್ಲೂ ತನ್ನನ್ನು ತಾನೇ ಸೇರಿಸಿಕೊಳ್ಳುವಂತೆ ಮಾಡಬಹುದು. ಮೂಲದಲ್ಲಿ ಹುಡುಕಿದರೆ ಆ ಮೋಸ ಸಿಗುವುದಿಲ್ಲ. ಮೂಲ ಶುದ್ಧ, ಹೆಪ್ಪು ಅಲ್ಲ.

ಕೊನೆಯ ವಾಕ್ಯ ಥಾಂಪ್ಸನ್‌ದಲ್ಲ. ಅಕ್ಕ ಹೇಳಿದ್ದು, ಅಳಿಯ ಎರಡು ಸಲ ವಿವರಿಸಿದ ಮೇಲೆ.

38

ಮೂರನೆಯ ರಾತ್ರಿ. ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬೆಳಕು ಅಳಿಯನ ಮುಖದ ಮೇಲೆ ಮಾತ್ರ. ತೆರೆಯ ಮೇಲೆ ಸಾಲುಗಳು ಓಡಿದವು, ನಿಂತವು. ಎರಡು ಉದ್ದದ ಗುರುತುಗಳನ್ನು ಒಂದರ ಕೆಳಗೆ ಒಂದು ಇಟ್ಟ. ಮೇಲಿನದು ಡೆಬಿಯನ್‌ನವರು ಕಟ್ಟಿದ ಗುಬ್ಬಿಯದು, ಕೆಳಗಿನದು ಅದೇ ಮೂಲದಿಂದ ಇವನು ಕಟ್ಟಿದ್ದರದು, ತನ್ನ ತಿದ್ದುಪಡಿ ಸೇರಿಸದೆ. ಬೆರಳಿಟ್ಟು ಎಡದಿಂದ ಬಲಕ್ಕೆ ಓದಿದ. ಯಂತ್ರವೇ ಹೋಲಿಸಿ ಹೇಳುತ್ತದೆಯಂತೆ. ಆದರೂ ಬೆರಳಿಟ್ಟು ಓದಿದ.

"ಒಂದ ಐತಿ" ಎಂದ.

ಏನಾಯಿತು ಎಂದು ಕೇಳಿದೆ. ಏನೂ ಆಗಿಲ್ಲ, ಇದ್ದದ್ದೇ ಬಂದಿದೆ ಎಂದ. ಎದ್ದು ಹೋಗಿ ತಟ್ಟೆಗೆ ಮೊಸರನ್ನ ಹಾಕಿಕೊಂಡ.

39

ಹೊರಡುವ ದಿನ ಅಕ್ಕ ಎರಡು ವಸ್ತು ಕೊಟ್ಟಳು. ಕರದಂಟಿನ ಪೆಟ್ಟಿಗೆ. ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು. ಧಾರವಾಡದ ನಮ್ಮ ಮನೆಯ ಮೊಸರು ಹುಳಿ ಎಂದು ಅವಳ ದೂರು.

ಯರಗಟ್ಟಿಯವರೆಗೆ ಸೀಟು ಸಿಗಲಿಲ್ಲ. ಡಬ್ಬಿ ನೆಟ್ಟಗೆ ಹಿಡಿದು ನಿಂತಿದ್ದೆ. ಕೂತ ಮೇಲೆ ಪೆಟ್ಟಿಗೆ ನೋಡಿದೆ. ತಯಾರಿಸಿದ ತೇದಿ, ತೂಕ, ಒಳಗಿನ ಸಾಮಾನಿನ ಪಟ್ಟಿ, ಅಂಗಡಿಯ ವಿಳಾಸ ಅಚ್ಚಾಗಿದ್ದವು. ಡಬ್ಬಿಯ ಮುಚ್ಚಳದ ಮೇಲೆ ಅಕ್ಕನ ಅತ್ತೆಯ ಹೆಸರು ಕೊರೆದಿತ್ತು, ಅವರ ಮದುವೆಯ ಕಾಲದ್ದು. ಮೊದಲ ಅಕ್ಷರ ಸವೆದಿದೆ.